ದೇಹ ಮಾತಾಡಬಾರದು

ಪರೀಕ್ಷೆಯ ಕೋಣೆಯಲ್ಲಿ ದೇಹ ಮಾತಾಡಬಾರದು. ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ ಇದು ನಾಲ್ಕನೇ ನಿಯಮ. ಮೊದಲನೆಯದು ಸಮಯಕ್ಕೆ ಸರಿಯಾಗಿ ಬರಬೇಕು, ಎರಡನೆಯದು ಕೈ ತೊಳೆದಿರಬೇಕು, ಮೂರನೆಯದು ಉಗುರು ಕತ್ತರಿಸಿರಬೇಕು. ಆ ಮೂರೂ ಪರೀಕ್ಷೆ ಕೊಡುವವರಿಗೆ. ನಾಲ್ಕನೆಯದು ನನ್ನೊಬ್ಬಳಿಗೆ. ಯಾಕೆಂದರೆ ಆ ಕೋಣೆಯ ದೇಹ ನಾನೇ.

ನಮ್ಮದು ಕೈಚಿಕಿತ್ಸೆ ಕಲಿಸುವ ಶಾಲೆ. ಎಣ್ಣೆ ಹಚ್ಚಿ ಮೈ ಉಜ್ಜುವುದನ್ನು ಕಲಿಸುವ ಜಾಗ ಅಂತ ಹೊರಗಿನವರು ತಿಳಿದಿದ್ದಾರೆ. ಹಾಗಲ್ಲ. ಯಾವ ಕೀಲು ಎಲ್ಲಿ ಹಿಡಿದಿದೆ, ಯಾವ ಸ್ನಾಯು ಯಾವ ಮೂಳೆಗೆ ಅಂಟಿಕೊಂಡಿದೆ, ತೋಳು ಎತ್ತಿದಾಗ ಹೆಗಲ ಹಿಂದಿನ ಹಲಗೆಯಂಥ ಮೂಳೆ ಎಷ್ಟು ಜಾರಬೇಕು, ಇದನ್ನೆಲ್ಲ ಬೆರಳಿನಿಂದ ಹುಡುಕಿ ಆಮೇಲೆ ಸಡಿಲ ಮಾಡುವ ಕೆಲಸ. ಹುಡುಕುವುದನ್ನು ಕಲಿಯಬೇಕಾದರೆ ಒಂದು ಮೈ ಬೇಕಲ್ಲ. ಹನ್ನೆರಡು ವರ್ಷದ ಹಿಂದೆ ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ಒಂದು ದಿನ ಮಲಗಬೇಕಾದವಳು ಬರಲಿಲ್ಲ. ಪಾಠ ಹೇಳುವ ಮೇಡಂ ಅತ್ತ ಇತ್ತ ನೋಡಿ, "ಅಮ್ಮಾ, ಪೊರಕೆ ಅಲ್ಲಿಡಿ, ಸ್ವಲ್ಪ ಹೊತ್ತು ಮಲಗ್ತೀರಾ?" ಅಂದರು. ಆವತ್ತು ಮಲಗಿದವಳು ಇನ್ನೂ ಎದ್ದಿಲ್ಲ.

"ನಮ್ಮತ್ತೆ ಮಲಗಿಕೊಂಡೇ ಸಂಬಳ ತರ್ತಾರೆ," ಅಂತ ನನ್ನ ಸೊಸೆ ಅಂಚೆ ಕಚೇರಿಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸುತ್ತಾಳೆ. ನಗಲಿ. ಅವಳು ದಿನವಿಡೀ ಲಕೋಟೆಗಳ ಮೇಲೆ ಮುದ್ರೆ ಒತ್ತುತ್ತಾಳೆ, ನಾನು ದಿನವಿಡೀ ಒತ್ತಿಸಿಕೊಳ್ಳುತ್ತೇನೆ.

ಮೇಜಿನ ತಲೆಯ ಕಡೆ ಮುಖ ಇಡಲು ಒಂದು ತೂತಿದೆ. ಕವುಚಿ ಮಲಗಿದರೆ ನನಗೆ ಕಾಣುವುದು ನೆಲದ ನಾಲ್ಕು ಹಂಚು ಮತ್ತು ಬಂದವರ ಪಾದ. ಜನರನ್ನು ನಾನು ಚಪ್ಪಲಿಯಿಂದಲೂ ಬೆರಳಿನಿಂದಲೂ ಗುರುತು ಹಿಡಿಯುತ್ತೇನೆ. ಹೆದರಿದವರ ಬೆರಳ ತುದಿ ತಣ್ಣಗಿರುತ್ತದೆ. ಜಂಬದವರು ಬೇಗ ಒತ್ತುತ್ತಾರೆ. ನಿಜವಾಗಿ ಹುಡುಕುವವರು ಮೊದಲು ಸುಮ್ಮನೆ ಕೈಯಿಟ್ಟು ಕಾಯುತ್ತಾರೆ, ನಮ್ಮ ಮೈ ಅವರ ಕೈಗೆ ಬರುವವರೆಗೆ. ಮೂಳೆಗಳ ಹೆಸರುಗಳನ್ನು ನಾನು ಮೊದಲು ಕಲಿತದ್ದು ಬೆನ್ನಿನಿಂದ. ಗೋಡೆಯ ಮೇಲಿನ ಚಿತ್ರಪಟವನ್ನು ಓದಲು ಬಂದದ್ದು ಆಮೇಲೆ.

ಇನ್ನೊಂದು ಮಾತು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಕಥೆ ನಿಂತಿರುವುದೇ ಅದರ ಮೇಲೆ. ದೇಹ ಮಾತಾಡಬಾರದು ಸರಿ, ಉಸಿರಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ. ಪರೀಕ್ಷೆಯಲ್ಲಿ ಬೆರಳು ಸರಿಯಾದ ಜಾಗಕ್ಕೆ ಬಂದರೆ ನಾನು ಒಂದು ಉದ್ದ ಉಸಿರು ಬಿಡುತ್ತಿದ್ದೆ. ತಪ್ಪು ಜಾಗಕ್ಕೆ ಬಂದರೆ ಬೆನ್ನನ್ನು ಸ್ವಲ್ಪ ಬಿಗಿ ಮಾಡುತ್ತಿದ್ದೆ. ನಾನು ಯಾರಿಗೂ ಹೇಳಿಕೊಟ್ಟದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅದು ತಾನೇ ಹರಡಿತು. "ಅಜ್ಜಿ ಉಸಿರು ಬಿಟ್ಟ ಕಡೆ ನಿಲ್ಲು" ಅಂತ ಪ್ರತಿ ತಂಡವೂ ಮುಂದಿನ ತಂಡಕ್ಕೆ ಕಿವಿಯಲ್ಲಿ ಹೇಳಿ ಹೋಗುತ್ತಿತ್ತು. ಮೇಡಂಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿಲ್ಲದವರ ಹಾಗೆ ಇದ್ದರು. ಪಾಪ, ಹೆದರಿದ ಮಕ್ಕಳು, ಒಂದು ಉಸಿರಿನಿಂದ ಒಳ್ಳೆಯದಾಗುವುದಾದರೆ ಆಗಲಿ ಅಂತ ನಾನಿದ್ದೆ. ನನ್ನ ಉಸಿರು ಸರಿ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅದನ್ನು ನಂಬದವಳು ಒಬ್ಬಳೇ. ಇಸ್ತ್ರಿಯವಳು.

ಅವಳಿಗೆ ನಲವತ್ತು ದಾಟಿತ್ತು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಮಡಿಸಿಟ್ಟ ಬಟ್ಟೆಯ ಮೇಲೆ ಅಂಗೈ ಸವರಿ ಒಳಗೆ ಎಷ್ಟು ಮಡಿಕೆ ಇದೆ, ಎಷ್ಟನೇ ಮಡಿಕೆಯಲ್ಲಿ ಸುಕ್ಕು ಉಳಿದಿದೆ ಅಂತ ಹೇಳಬಲ್ಲವಳು. ಲಾಂಡ್ರಿಗೆ ಒತ್ತುವ ಮೆಷಿನ್ ಬಂತು, ಇವಳು ಹೊರಗೆ ಬಂದಳು, ನಮ್ಮ ಶಾಲೆಗೆ ಸೇರಿದಳು. ತಂಗಿಯ ಮನೆಯಲ್ಲಿ ಇದ್ದಾಳೆ. ತಂಗಿಯ ಗಂಡ ತಟ್ಟೆಯ ಮುಂದೆ ಕೂತಾಗಲೆಲ್ಲ "ಅತ್ತಿಗೇರೇ, ಪರೀಕ್ಷೆ ಏನಾಯ್ತು?" ಅಂತ ಕೇಳುತ್ತಾನಂತೆ. ಅಂದರೆ ಯಾವಾಗ ಹೊರಡುತ್ತೀರಿ ಅಂತ.

ಪರೀಕ್ಷೆ ಎರಡು ಸಲ ಹೋಗಿತ್ತು. ಎರಡು ಸಲವೂ ಮೊದಲನೇ ಪ್ರಶ್ನೆಯಲ್ಲೇ. ಅದು ಸುಲಭದ ಪ್ರಶ್ನೆ. ಬೆನ್ನುಮೂಳೆಯ ಒಂದೊಂದು ತುಂಡನ್ನು ನಾವು ಮಣಿ ಅನ್ನುತ್ತೇವೆ. ಕತ್ತಿನಲ್ಲಿ ಏಳು, ಬೆನ್ನಿನಲ್ಲಿ ಹನ್ನೆರಡು, ಸೊಂಟದಲ್ಲಿ ಐದು. ಅದರ ಕೆಳಗೆ ಒಂದಕ್ಕೊಂದು ಬೆಸೆದು ಒಂದೇ ಆಗಿಹೋದ ತ್ರಿಕೋನದ ಮೂಳೆ. ಸೊಂಟದ ನಾಲ್ಕನೇ ಮಣಿಯನ್ನು ಹುಡುಕಿ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಇಷ್ಟೇ ಪ್ರಶ್ನೆ. ಅದಕ್ಕೊಂದು ಅಡ್ಡದಾರಿ ಪುಸ್ತಕದಲ್ಲೇ ಇದೆ. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಂಚಿಗೆ ಇಟ್ಟು ಹೆಬ್ಬೆರಳುಗಳನ್ನು ನಡುವೆ ತಂದರೆ, ಅವು ಕೂಡುವ ಕಡೆ ನಾಲ್ಕನೆಯದು. ಎಲ್ಲರೂ ಹಾಗೇ ಮಾಡುತ್ತಾರೆ. ಇಸ್ತ್ರಿಯವಳು ಮಾತ್ರ ಕತ್ತಿನಿಂದ ಒಂದೊಂದಾಗಿ ಇಳಿದು ಬರುತ್ತಿದ್ದಳು, ಎರಡು ಸಲವೂ ಹೆಬ್ಬೆರಳಿನ ಜಾಗಕ್ಕಿಂತ ಒಂದು ಮಣಿ ಮೇಲೆ ನಿಂತಳು. ನಾನು ಬಿಗಿ ಮಾಡಿದೆ. ಅವಳು ಸರಿಯಲಿಲ್ಲ. ಜಾಗವೇ ತಪ್ಪಿದವರಿಗೆ ಎರಡನೇ ಪ್ರಶ್ನೆ ಇರುವುದಿಲ್ಲ. ಶಾಲೆಯಲ್ಲಿ ಅವಳಿಗೆ "ಎಣಿಕೆ ಬಾರದವಳು" ಅಂತ ಹೆಸರು ಬಿತ್ತು. ನಾನೂ ಹಾಗೆ ಕರೆದಿದ್ದೇನೆ, ಅವಳ ಬೆನ್ನ ಹಿಂದೆ.

ಮೂರನೇ ಸಲವೂ ಹೋದರೆ ಮುಗಿಯಿತು. ನಾಲ್ಕನೇ ಸಲ ಕೂರಿಸುವುದಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವಳು ನಮ್ಮ ಮನೆಗೆ ಬಂದಳು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ. ಸೊಸೆ ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿದ್ದಳು.

"ಅಜ್ಜಿ, ಒಂದ್ಸಲ ನಿಮ್ಮ ಬೆನ್ನು ಕೊಡ್ತೀರಾ?" ಅಂದಳು ಇಸ್ತ್ರಿಯವಳು, ನಿಂತಲ್ಲೇ.

ಸೊಸೆ ಕಿಸಕ್ಕನೆ ನಕ್ಕಳು. "ಸಕ್ಕರೆ ಕೇಳ್ಕೊಂಡು ಬರೋವ್ರನ್ನ ನೋಡಿದೀನಿ. ಬೆನ್ನು ಸಾಲ ಕೇಳೋವ್ರನ್ನ ಇವತ್ತೇ ನೋಡಿದ್ದು. ನಾಳೆ ವಾಪಸ್ ಕೊಡ್ತೀರಾ ತಾನೆ?"

"ನೀನು ಸುಮ್ನಿರಮ್ಮ," ಅಂದೆ. ಇಸ್ತ್ರಿಯವಳಿಗೆ ಹೇಳಿದೆ: "ಪರೀಕ್ಷೆಗೆ ಮುಂಚೆ ದೇಹ ಮುಟ್ಟೋ ಹಾಗಿಲ್ಲ ಕಣೇ. ಗೊತ್ತಾದ್ರೆ ಇಬ್ರಿಗೂ ಬಾಗಿಲು ತೋರಿಸ್ತಾರೆ. ಯಾಕೆ ಇಷ್ಟು ಕಷ್ಟ ಪಡ್ತೀಯಾ? ಎಲ್ಲರ ಹಾಗೆ ಸೊಂಟದ ಅಂಚು ಹಿಡಿ, ಹೆಬ್ಬೆರಳು ತಾ. ನಾನು ಉಸಿರು ಬಿಡ್ತೀನಿ. ಅಲ್ಲಿ ನಿಂತ್ಕೋ. ಆಯ್ತು, ಹೋಯ್ತು."

"ನಿಮ್ಮ ಉಸಿರು ತಪ್ಪು ಅಜ್ಜಿ."

ನನ್ನ ಕೈಯಲ್ಲಿದ್ದ ಬಟಾಣಿ ಉದುರಿತು. "ಏನಂದೆ?"

"ಎರಡು ಸಲ ಎಣಿಸಿದೀನಿ. ಮೊದಲನೇ ಸಲ ನಾನೇ ತಪ್ಪಿದೆ ಅಂದ್ಕೊಂಡೆ. ಎರಡನೇ ಸಲ ಇನ್ನೂ ನಿಧಾನವಾಗಿ ಎಣಿಸಿದೆ. ನಿಮ್ಮ ಸೊಂಟದಲ್ಲಿ ಐದಲ್ಲ, ಆರಿದೆ."

ಸೊಸೆ ಕಾಲು ಒಳಗೆ ಎಳೆದುಕೊಂಡು ನೆಟ್ಟಗೆ ಕೂತಳು. "ಅಯ್ಯೋ! ಅತ್ತೆ ಬೇರೆಯವರಿಗಿಂತ ಒಂದು ಕೈ ಮೇಲೆ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ಈಗ ಮೂಳೇಲೂ ಒಂದು ಜಾಸ್ತಿನಾ!"

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಎಪ್ಪತ್ತು ವರ್ಷ ನಾನು ಹೊತ್ತುಕೊಂಡು ಓಡಾಡಿದ ಮೈ. ಹನ್ನೆರಡು ವರ್ಷದಲ್ಲಿ ಇನ್ನೂರು ಮುನ್ನೂರು ಜನ ಬೆರಳಿಟ್ಟು ನೋಡಿದ ಮೈ. ನಿನ್ನೆ ಮೊನ್ನೆ ಬಂದವಳು ನನ್ನ ಮೂಳೆಯ ಲೆಕ್ಕ ನನಗೆ ಹೇಳುವುದೇ?

"ಪುಸ್ತಕದಲ್ಲಿ ಐದು ಅಂತಿದೆ. ನಾನೇ ಓದಿದೀನಿ," ಅಂದೆ.

"ಪುಸ್ತಕ ಬರೆದವ್ರು ನಿಮ್ಮ ಬೆನ್ನು ಮುಟ್ಟಿಲ್ಲ ಅಜ್ಜಿ."

"ಹಾಗಾದ್ರೆ ನಾಳೆನೂ ಹೋಗತ್ತೆ ನಿಂದು. ನನ್ನ ಹತ್ರ ಬಂದು ಅಳ್ಬೇಡ."

"ಅಳೋಕೆ ಬರಲ್ಲ," ಅಂದಳು. "ನಾಳೆ ನನ್ನ ಬೆರಳಿನ ಕೆಳಗೆ ದಯವಿಟ್ಟು ಬಿಗಿ ಮಾಡ್ಬೇಡಿ. ಅಷ್ಟು ಹೇಳೋಕೆ ಬಂದೆ." ಹೊರಟೇ ಹೋದಳು. ನೀರೂ ಕುಡಿಯಲಿಲ್ಲ.

ಬಾಗಿಲು ಹಾಕಿ ಬಂದ ಸೊಸೆ ನನ್ನ ಮುಖ ನೋಡಿ ತಮಾಷೆ ನಿಲ್ಲಿಸಿದಳು. "ಅತ್ತೆ, ನಿಜ ಇದ್ರೆ?"

"ನಿಜ ಇದ್ರೆ ನನ್ನನ್ನ ಆ ಮೇಜಿನ ಮೇಲೆ ಯಾರು ಮಲಗಿಸ್ತಾರೆ?" ಅಂದೆ. ಪುಸ್ತಕದ ಹಾಗಿಲ್ಲದ ಮೈ ಪರೀಕ್ಷೆಗೆ ಬರುವುದಿಲ್ಲ ಅಂತ ಗೊತ್ತಾಗಲು ನನಗೆ ಯಾರೂ ಹೇಳಬೇಕಿರಲಿಲ್ಲ. ಮೊಣಕಾಲಲ್ಲಿ ಲೋಹದ ಚಿಪ್ಪು ಹಾಕಿಸಿಕೊಂಡವಳೊಬ್ಬಳು ಮೊದಲು ನನ್ನ ಜೊತೆ ಇದೇ ಮಲಗುವ ಕೆಲಸಕ್ಕೆ ಇದ್ದಳು. ಚಿಪ್ಪು ಹಾಕಿಸಿಕೊಂಡ ವಾರವೇ ಅವಳನ್ನು ಕಳಿಸಿದರು.

ಮರುದಿನ ಪರೀಕ್ಷೆಗೆ ಬೇರೆ ಶಾಲೆಯಿಂದ ಪರೀಕ್ಷಕರು ಬಂದರು. ಹೆಂಗಸು. ಮುಖ ನೋಡುವ ಮೊದಲು ಕಂಡದ್ದು ಕಪ್ಪು ಬೂಟು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜೋಡಿಸಿಕೊಳ್ಳುವಾಗ ಒಂದು ಹಾಳೆ ಹಂಚಿನ ಮೇಲೆ ಬಿತ್ತು, ಎತ್ತಿಕೊಳ್ಳಲು ಅವರ ಕೈ ಕೆಳಗೆ ಬಂತು. ಉಗುರುಗಳು ಉದ್ದಕ್ಕಿದ್ದವು, ಬಣ್ಣ ಹಚ್ಚಿದ್ದವು. ನಮ್ಮ ಕಸುಬಿನಲ್ಲಿ ಉಗುರು ಬೆಳೆದಿದೆ ಅಂದರೆ ಆ ಕೈ ಮೈ ಮುಟ್ಟಿ ವರ್ಷಗಳಾಗಿವೆ ಅಂತಲೇ ಅರ್ಥ.

ಮೊದಲು ಮೂವರು ಬಂದು ಹೋದರು. ಮೂವರೂ ಅಂಚು ಹಿಡಿದರು, ಹೆಬ್ಬೆರಳು ತಂದರು. ನಾನು ಉದ್ದಕ್ಕೆ ಉಸಿರು ಬಿಟ್ಟೆ, ಅವರು ಗುರುತು ಹಾಕಿದರು. "ಸರಿ," ಅಂದರು ಪರೀಕ್ಷಕರು, ಕುರ್ಚಿಯಿಂದ ಏಳದೇ, ಸೊಂಟದ ಎರಡು ಅಂಚುಗಳನ್ನು ಕೂಡಿಸುವ ಗೆರೆಯನ್ನು ಕಣ್ಣಿನಲ್ಲೇ ನೋಡಿ. ಮೇಡಂ ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಗುರುತು ಒರೆಸಿದರು.

ನಾಲ್ಕನೆಯದು ಸವೆದ ಹಿಮ್ಮಡಿಯ ಕಂದು ಚಪ್ಪಲಿ. ಇಸ್ತ್ರಿಯವಳು.

ಅವಳು ಬೆನ್ನು ಮುಟ್ಟಲಿಲ್ಲ. "ಅಜ್ಜಿ, ಎದ್ದು ಕೂತ್ಕೊಳ್ತೀರಾ?" ಅಂದಳು.

ಪರೀಕ್ಷಕರ ಪೆನ್ನು ನಿಂತಿತು. "ಯಾಕೆ?"

"ಕತ್ತಿನಿಂದ ಶುರು ಮಾಡ್ತೀನಿ ಮೇಡಂ. ಕೂತರೇನೇ ಅದು ಸರಿಯಾಗಿ ಸಿಗೋದು."

ಕೂತೆ. ಅವಳು ನನ್ನ ಕತ್ತಿನ ಬುಡದಲ್ಲಿ ಎದ್ದು ಕಾಣುವ ಎರಡು ಉಬ್ಬಿನ ಮೇಲೆ ಎರಡು ಬೆರಳಿಟ್ಟು, "ತಲೆ ನಿಧಾನವಾಗಿ ಹಿಂದಕ್ಕೆ ಹಾಕಿ" ಅಂದಳು. ಹಾಕಿದೆ. ಮೇಲಿನ ಉಬ್ಬು ಬೆರಳ ಕೆಳಗಿಂದ ಒಳಕ್ಕೆ ಜಾರಿತು. ಕೆಳಗಿನದು ಇದ್ದಲ್ಲೇ ನಿಂತಿತು. ಜಾರಿದ್ದು ಕತ್ತಿನ ಆರನೇ ಮಣಿ, ನಿಂತದ್ದು ಏಳನೆಯದು. ಇದೂ ಪುಸ್ತಕದಲ್ಲಿದೆ, ಯಾರೂ ಮಾಡುವುದಿಲ್ಲ. ಅಲ್ಲೊಂದು ನೀಲಿ ಚುಕ್ಕೆ. ಮತ್ತೆ ಮಲಗಿಸಿದಳು. ಒಂದೊಂದು ಮಣಿಗೂ ಒಂದೊಂದು ಚುಕ್ಕೆ ಇಡುತ್ತಾ ಇಳಿದಳು. ಎಲ್ಲೂ ಅವಸರವಿಲ್ಲ. ಬೆನ್ನಿನ ಹನ್ನೆರಡನೆಯದಕ್ಕೆ ಬಂದಾಗ ಅಲ್ಲಿಂದ ಕೊನೆಯ ಪಕ್ಕೆಲುಬನ್ನು ಹಿಡಿದು ಪಕ್ಕಕ್ಕೆ ಹೋಗಿ, ಅದು ಅದರದೇ ಎಲುಬು ಅಂತ ಖಾತ್ರಿ ಮಾಡಿಕೊಂಡು ವಾಪಸ್ ಬಂದಳು. ಆಮೇಲೆ ಸೊಂಟ. ಒಂದು, ಎರಡು, ಮೂರು, ನಾಲ್ಕು. ನಿಂತಳು.

ಹೆಬ್ಬೆರಳುಗಳು ಕೂಡುವ ಜಾಗಕ್ಕಿಂತ ಒಂದು ಮಣಿ ಮೇಲೆ.

ಬಿಗಿ ಮಾಡಬೇಡಿ ಅಂದಿದ್ದಳು. ಆದರೂ ಹನ್ನೆರಡು ವರ್ಷದ ಅಭ್ಯಾಸ, ಬೆನ್ನು ತಾನಾಗಿ ಬಿಗಿಯಿತು.

"ಅಜ್ಜಿ, ಬಿಡಿ," ಅಂದಳು ಮೆಲ್ಲಗೆ. ಬೆರಳು ತೆಗೆಯಲಿಲ್ಲ.

"ಇದು ನಾಲ್ಕನೇದಾ?" ಅಂದರು ಪರೀಕ್ಷಕರು. "ಸೊಂಟದ ಗೆರೆ ನೋಡಿದೀರಾ?"

"ನೋಡಿದೆ. ಇವರಿಗೆ ಆ ಗೆರೆಯ ಮೇಲಿರೋದು ಐದನೇದು. ಅದರ ಕೆಳಗೆ ಇನ್ನೂ ಒಂದಿದೆ. ತೋರಿಸ್ತೀನಿ."

ಬೇಡ ಅನ್ನುವ ಮೊದಲೇ ನನ್ನನ್ನು ಪಕ್ಕಕ್ಕೆ ಹೊರಳಿಸಿದಳು. ಎರಡೂ ಮೊಣಕಾಲು ಮಡಿಸಿ, ತನ್ನ ತೊಡೆಗೆ ಒರಗಿಸಿಕೊಂಡು, ನನ್ನ ಕಾಲುಗಳನ್ನು ಹೊಟ್ಟೆಯ ಕಡೆಗೆ ತಂದಳು, ಮತ್ತೆ ಬಿಟ್ಟಳು, ಮತ್ತೆ ತಂದಳು, ತೊಟ್ಟಿಲು ತೂಗುವ ಹಾಗೆ. ಇನ್ನೊಂದು ಕೈಯ ಬೆರಳ ತುದಿ ಮಣಿಗಳ ನಡುವಿನ ಸಂದಿಯಲ್ಲಿತ್ತು. ಕಾಲು ಮೇಲೆ ಬಂದಾಗ ಸಂದಿ ತೆರೆಯಬೇಕು, ಇಳಿದಾಗ ಮುಚ್ಚಬೇಕು. ನಾಲ್ಕರ ಕೆಳಗೆ ತೆರೆಯಿತು. ಐದರ ಕೆಳಗೆ ತೆರೆಯಿತು. ಅವಳ ಬೆರಳು ಇನ್ನೂ ಒಂದು ಹೆಜ್ಜೆ ಇಳಿಯಿತು. ಅಲ್ಲಿಂದ ಮುಂದೆ ಎಲ್ಲ ಬೆಸೆದು ಒಂದೇ ಮೂಳೆ ಅಂತ ನಾನು ಕೇಳಿಕೊಂಡು ಬಂದಿದ್ದ ಜಾಗ. ಬೆಸೆದದ್ದು ಹೇಗೆ ಅಲುಗಾಡೀತು?

ಅಲುಗಾಡಿತು.

ಸಣ್ಣಗೆ. ಹಳೆಯ ಡಬ್ಬಿಯ ಮುಚ್ಚಳ ಕೂದಲೆಳೆಯಷ್ಟು ಬಿಚ್ಚಿಕೊಂಡ ಹಾಗೆ. ಅವಳ ಬೆರಳಿಗೆ ಹೊರಗಿಂದ ಸಿಕ್ಕಿದ್ದು ನನಗೆ ಒಳಗಿಂದ ಸಿಕ್ಕಿತು. ಎಪ್ಪತ್ತು ವರ್ಷ ಬಗ್ಗಿದ್ದೇನೆ, ನೆಲ ಒರೆಸಿದ್ದೇನೆ, ಮಗನನ್ನು ಸೊಂಟದಲ್ಲಿ ಹೊತ್ತಿದ್ದೇನೆ, ಅಲ್ಲೊಂದು ಕೀಲಿದೆ ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ. ತಕ್ಷಣ ಇನ್ನೊಂದೂ ತಿಳಿಯಿತು, ಅದು ಇಷ್ಟು ಹಿತವಾಗಿರಲಿಲ್ಲ. ಹನ್ನೆರಡು ವರ್ಷ ನಾನು ಬಿಟ್ಟ ಉಸಿರೆಲ್ಲ ಸುಳ್ಳು. ಸರಿಯಾದ ಮಣಿಯ ಮೇಲೆ ನಿಂತವರನ್ನು ಬೆನ್ನು ಬಿಗಿದು ಕೆಳಗೆ ತಳ್ಳಿದ್ದೇನೆ. ಈ ಹೆಣ್ಣಿನ ಎರಡು ಪರೀಕ್ಷೆ ತಿಂದವಳು ನಾನೇ.

"ಸಾಕು," ಅಂದರು ಪರೀಕ್ಷಕರು. ಅವರು ಕುರ್ಚಿಯಲ್ಲೇ ಇದ್ದರು. "ಸೊಂಟದಲ್ಲಿ ಐದು ಮಣಿ. ಮೊದಲನೇ ವಾರದ ಪಾಠ. ಎಣಿಸೋಕೆ ಬರದವ್ರು ಜನರ ಬೆನ್ನಿಗೆ ಕೈ ಹಾಕಬಾರದು." ಪೆನ್ನು ಹಾಳೆಯ ಮೇಲೆ ಉಜ್ಜುವ ಸದ್ದು. "ಇದು ಮೂರನೇ ಸಲ ಅಲ್ವಾ? ಹೋಗಿ. ಮುಂದಿನವ್ರನ್ನ ಕಳಿಸಿ."

ಇಸ್ತ್ರಿಯವಳು ನನ್ನ ಕಾಲುಗಳನ್ನು ಮೆಲ್ಲಗೆ ಇಳಿಸಿದಳು. ಸಿಟ್ಟಿನಲ್ಲೂ ದೇಹವನ್ನು ಧೊಪ್ಪನೆ ಬಿಡದವಳು. ಪೆನ್ಸಿಲನ್ನು ತಟ್ಟೆಯಲ್ಲಿ ಇಟ್ಟಳು. "ನನ್ನ ಎಣಿಕೆ ಸರಿ," ಅಂದಳು. "ಬರೆಯೋದು ನಿಮ್ಮಿಷ್ಟ. ನಾನು ಬೆರಳು ಮಾತ್ರ ಸರಿಸಲ್ಲ."

ಚಪ್ಪಲಿ ಬಾಗಿಲ ಕಡೆ ತಿರುಗಿತು.

"ನಿಂತ್ಕೋ," ಅಂದೆ ನಾನು.

ಮೇಡಂ ಓಡಿ ಬಂದು ನನ್ನ ಹೆಗಲಿಗೆ ಕೈಯಿಟ್ಟು, "ಅಮ್ಮಾ, ಪರೀಕ್ಷೆ ನಡೀತಿದೆ, ನೀವು ಮಾತಾಡೋ ಹಾಗಿಲ್ಲ" ಅಂದರು ಪಿಸುದನಿಯಲ್ಲಿ.

"ಗೊತ್ತು. ಬಾಗಿಲ ಹಿಂದೆ ಬರೆದಿದೆ, ನನಗೂ ಓದೋಕೆ ಬರತ್ತೆ." ನಾನು ಕವುಚಿ ಮಲಗಿ ಮುಖವನ್ನು ಮತ್ತೆ ತೂತಿಗೆ ಇಟ್ಟೆ. "ಇವಳು ಎಣಿಸಿದ್ದು ಸರಿ ಇದೆ. ಪರೀಕ್ಷಕರು ಬಂದು ಒಂದ್ಸಲ ಮುಟ್ಟಿ ನೋಡಲಿ."

"ನೋಡಿ ಅಮ್ಮ," ಅಂದರು ಪರೀಕ್ಷಕರು, "ನಿಮ್ಮ ಕೆಲಸ ಮಲಗೋದು. ತೀರ್ಪು ಕೊಡೋದಲ್ಲ."

"ಅದಕ್ಕೇ ಮಲಗಿದೀನಿ. ನೀವು ಎಣಿಸೋವರೆಗೂ ಏಳಲ್ಲ."

ಮೇಡಂ ಹೆಗಲನ್ನು ಮೆತ್ತಗೆ ಅಲ್ಲಾಡಿಸಿದರು. ನಾನು ಎರಡೂ ಕೈಯಿಂದ ಮೇಜಿನ ಕಾಲು ಹಿಡಿದುಕೊಂಡೆ. ನನ್ನಷ್ಟು ಮಲಗಿ ರೂಢಿ ಇರುವವರು ಆ ಶಾಲೆಯಲ್ಲಿ ಇನ್ಯಾರೂ ಇಲ್ಲ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಪರೀಕ್ಷೆಯ ಮೇಜು ಒಂದೇ, ದೇಹವೂ ಒಂದೇ. ಮೇಲೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ನನಗೆ ಅವಸರವಿರಲಿಲ್ಲ. ಸುಮ್ಮನೆ ಕಾಯುವುದೊಂದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

"ಅಮ್ಮಾ, ಏನಿದು ಹಟ?" ಅಂದರು ಮೇಡಂ. "ಇಷ್ಟು ವರ್ಷದಿಂದ ನಿಮ್ಮ ಮೇಲೇ ಕಲಿಸಿದೀನಿ. ಐದೇ ಇತ್ತಲ್ಲ!"

"ನೀವು ಯಾವತ್ತಾದ್ರೂ ಕತ್ತಿನಿಂದ ಎಣಿಸಿದ್ರಾ ಮೇಡಂ?"

ಅವರ ಕೈ ನನ್ನ ಹೆಗಲಿಂದ ಎದ್ದುಹೋಯಿತು.

"ಬೇರೆಯವ್ರು ಒಬ್ಬರೂ ಹೀಗೆ ಹೇಳಿಲ್ವಾ ಹಾಗಾದ್ರೆ?" ಪರೀಕ್ಷಕರ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಹೇಳೋಕೆ ನಾನು ಬಿಟ್ಟಿಲ್ಲ," ಅಂದೆ. ಉಸಿರಿನ ವಿಷಯ ಅಷ್ಟನ್ನೂ ಹೇಳಿದೆ. ಬೆಳಿಗ್ಗೆಯ ಮೂವರಿಗೂ ಉಸಿರು ಬಿಟ್ಟೆ ಅಂತಲೂ ಹೇಳಿದೆ. ಮೇಡಂ "ಅಯ್ಯೋ ಅಮ್ಮಾ" ಅಂದದ್ದು ಕೇಳಿಸಿತು. ಆ ಅಯ್ಯೋ ನನ್ನನ್ನು ಕೆಲಸದಿಂದ ತೆಗೆಯುವ ಅಯ್ಯೋ ಅಂತ ನನಗೆ ಗೊತ್ತಿತ್ತು. "ನನಗೆ ಏನು ಶಿಕ್ಷೆ ಇದ್ಯೋ ಆಮೇಲೆ ಕೊಡಿ. ಮೊದಲು ಬನ್ನಿ. ನೀವೂ ಒಂದು ಕಾಲದಲ್ಲಿ ಬೆರಳಿಟ್ಟು ಕಲಿತವ್ರೇ ತಾನೆ?"

ಬಹಳ ಹೊತ್ತಾದ ಮೇಲೆ ಕುರ್ಚಿ ಹಿಂದಕ್ಕೆ ಸರಿಯಿತು. ಹೊಳೆಯುವ ಬೂಟು ನನ್ನ ತೂತಿನ ಕೆಳಗೆ ಬಂದು ನಿಂತಿತು. ಎರಡು ಬೆರಳು ನನ್ನ ಬೆನ್ನಿಗೆ ತಗುಲಿದವು, ತಕ್ಷಣ ನಾನು "ಸ್ಸ್" ಅಂದೆ. ಉಗುರು ಚುಚ್ಚಿತ್ತು.

"ಮೂರನೇ ನಿಯಮ," ಅಂದಳು ಇಸ್ತ್ರಿಯವಳು, ಬಾಗಿಲ ಹತ್ತಿರದಿಂದ.

ಈಗ ಬೈಗುಳ ಬೀಳುತ್ತದೆ ಅಂತ ಕಾದೆ. ಬೀಳಲಿಲ್ಲ. ಆಮೇಲೆ ಮೇಡಂ ಡ್ರಾಯರ್ ತೆಗೆದ ಸದ್ದು. ನೇಲ್ ಕಟರಿನ ಸದ್ದು. ಟಕ್. ನನ್ನ ಕಣ್ಣ ಕೆಳಗಿನ ಹಂಚಿನ ಮೇಲೆ ಕೆಂಪು ಬಣ್ಣದ ಒಂದು ಉಗುರಿನ ಚೂರು ಬಿತ್ತು. ಟಕ್. ಇನ್ನೊಂದು. ಮೂರನೆಯದು ಬೂಟಿನ ಮೇಲೆಯೇ ಬಿತ್ತು, ಅವರು ಕೊಡವಲಿಲ್ಲ.

"ಎದ್ದು ಕೂತ್ಕೊಳ್ಳಿ," ಅಂದರು. "ತಲೆ ಹಿಂದಕ್ಕೆ."

ಅವರ ಬೆರಳು ಮೊದಮೊದಲು ದಾರಿ ಮರೆತವರ ಹಾಗಿತ್ತು. ಎರಡು ಸಲ ಮಧ್ಯದಲ್ಲೇ ಬಿಟ್ಟು ಮತ್ತೆ ಕತ್ತಿಗೆ ಹೋದರು. ಇಸ್ತ್ರಿಯವಳ ನೀಲಿ ಚುಕ್ಕೆಗಳು ಇನ್ನೂ ಇದ್ದವು. ಅವನ್ನು ನೋಡಿ ಇಳಿಯಬಹುದಿತ್ತು. ಅವರು ಬಟ್ಟೆ ಕೇಳಿ ಎಲ್ಲ ಒರೆಸಿ, ತಾವೇ ಹೊಸದಾಗಿ ಶುರು ಮಾಡಿದರು. ಅದಕ್ಕೆ ನಾನು ಅವರನ್ನು ಅರ್ಧ ಕ್ಷಮಿಸಿದೆ. ಬೆನ್ನಿನ ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ಬೆಚ್ಚಗಾಗಿತ್ತು, ಒತ್ತುವುದನ್ನು ಬಿಟ್ಟು ಕಾಯುವುದನ್ನು ನೆನಪಿಸಿಕೊಂಡಿತ್ತು. ನಾನು ಉಸಿರನ್ನು ಸಮವಾಗಿ ಇಟ್ಟುಕೊಂಡೆ. ಬಿಗಿಯಲಿಲ್ಲ, ಬಿಡಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಆ ಮೇಜಿನ ಮೇಲೆ ನಾನು ಬೇರೆ ಯಾವತ್ತೂ ಮಾಡಿಲ್ಲ.

ಪಕ್ಕಕ್ಕೆ ಹೊರಳಿಸಿದರು. ಕಾಲು ಮಡಿಸಿ ತಂದರು, ಬಿಟ್ಟರು. ನಾಲ್ಕರ ಕೆಳಗೆ. ಐದರ ಕೆಳಗೆ. ಆಮೇಲೆ ಆ ಜಾಗ. ಅದು ಬಿಚ್ಚಿಕೊಂಡಾಗ ಅವರ ಬೆರಳು ನಿಂತುಹೋಯಿತು. ಕೈಗೆ ಅರ್ಥವಾದದ್ದು ಮೇಜಿನ ಮೇಲಿರುವವರಿಗೆ ಬಾಯಿಗಿಂತ ಮೊದಲು ಗೊತ್ತಾಗುತ್ತದೆ. ಆದರೂ ಅವರು ಇನ್ನೂ ನಾಲ್ಕು ಸಲ ಕಾಲನ್ನು ತೂಗಿ ನೋಡಿದರು.

"ಎಕ್ಸ್‌ರೇ ತೆಗೆಸಿ ನೋಡ್ಬೇಕು," ಅಂದರು ಕೊನೆಗೆ.

"ತೆಗೆಸೋಣ. ಈಗ ನಿಮ್ಮ ಬೆರಳು ಏನನ್ನತ್ತೆ?"

"ಎದ್ದೇಳಿ ಮೊದಲು."

"ಹೇಳಿ. ಆಮೇಲೆ ಏಳ್ತೀನಿ."

ಅವರು ಒಂದು ಸಲ ಮೇಡಂ ಕಡೆ ನೋಡಿದರು, ಒಂದು ಸಲ ಬಾಗಿಲ ಕಡೆ. "ಆರು," ಅಂದರು. "ಗೆರೆಯ ಮೇಲಿರೋದು ಐದನೇದು. ಅವರು ಹಾಕಿದ್ದ ಗುರುತು ಸರಿ."

"ಅವಳಿಗೆ ಹೇಳಿ. ನನಗಲ್ಲ."

ಇಸ್ತ್ರಿಯವಳ ಕಡೆ ತಿರುಗಿ ಹೇಳಿದರು. ಹಾಳೆಯಲ್ಲಿ ಬರೆದದ್ದನ್ನು ಹೊಡೆದು ಮೇಲೆ ಬೇರೆ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. "ಎರಡನೇ ಪ್ರಶ್ನೆಗೆ ಬನ್ನಿ," ಅಂದರು. ಅವಳು ಬಂದಳು. ಎರಡನೆಯದು ಹೆಗಲಿನದು, ಮೂರನೆಯದು ಮೊಣಕಾಲಿನದು. ಮಡಿಕೆಯ ಒಳಗಿನ ಸುಕ್ಕನ್ನು ಹುಡುಕುವ ಕೈಗೆ ಅವೆಲ್ಲ ಯಾವ ಲೆಕ್ಕ. ಅವಳು ಪಾಸಾದಳು. ನಗಲೂ ಇಲ್ಲ, ಅಳಲೂ ಇಲ್ಲ. ಹೋಗುವಾಗ ಹೊದಿಕೆಯನ್ನು ನನ್ನ ಪಾದದವರೆಗೆ ಎಳೆದು, ಅಂಚು ನೇರ ಮಾಡಿ, ಅಂಗೈಯಿಂದ ಒಮ್ಮೆ ಒತ್ತಿ ಹೋದಳು.

ಬಾಗಿಲು ಮುಚ್ಚಿದ ಮೇಲೆ ಪರೀಕ್ಷಕರು ಮೇಡಂಗೆ ಹೇಳಿದರು: "ಮುಂದಿನ ಸಲಕ್ಕೆ ಬೇರೆ ದೇಹ ನೋಡ್ಕೊಳ್ಳಿ. ಇದು ಪರೀಕ್ಷೆಗೆ ಆಗಲ್ಲ."

ನಾನು ಅಲ್ಲೇ ಇದ್ದೆ. ನಾನಿಲ್ಲದ ಹಾಗೆ ಹೇಳಿದರು.

"ನೋಡ್ಕೊಳ್ಳಿ," ಅಂದೆ. "ಯಾರನ್ನ ತಂದ್ರೂ ಮಲಗಿಸೋಕೆ ಮುಂಚೆ ಎಣಿಸಿ. ಪುಸ್ತಕದ ಹಾಗೇ ಇರೋವ್ರು ಸಿಕ್ಕಿದ್ರೆ ನನಗೂ ತೋರಿಸಿ, ನಾನೂ ನೋಡಿಲ್ಲ."

"ಅಮ್ಮಾ, ಸಾಕು, ಮನೆಗೆ ಹೋಗಿ," ಅಂದರು ಮೇಡಂ. ಅವರ ದನಿಯಲ್ಲಿ ಕೋಪಕ್ಕಿಂತ ನಾಚಿಕೆ ಹೆಚ್ಚಿತ್ತು.

"ಹೇಗೆ ಹೋಗಲಿ? ಹೊರಗೆ ನಾಲ್ಕು ಜನ ಇದಾರೆ. ಬೆಳಿಗ್ಗೆಯ ಆ ಮೂವರು ಎಲ್ಲಿ? ಅವರ ಗುರುತು ಮೂರೂ ತಪ್ಪು ಅಂತ ಈಗ ನಿಮ್ಮ ಬೆರಳೇ ಹೇಳ್ತಲ್ಲ. ತಪ್ಪಿಸಿದ್ದು ನಾನು. ಕರೀರಿ, ಮತ್ತೆ ಎಣಿಸಲಿ. ಕಾಗದದಲ್ಲಿ ಸರಿ ಅಂತ ಇದೆ ಅಂತ ಅವರನ್ನ ಹಾಗೇ ಕಳಿಸಿದ್ರೆ ನಾಳೆ ಯಾರದ್ದೋ ಬೆನ್ನಿನ ತಪ್ಪು ಮಣಿ ಒತ್ತುತ್ತಾರೆ."

ಪರೀಕ್ಷಕರು ಕಟರನ್ನು ಮತ್ತೆ ಕೈಗೆತ್ತಿಕೊಂಡರು. ಕುರ್ಚಿಗೆ ಹೋಗದೆ ನಿಂತೇ ಎಡಗೈಯ ಉಗುರುಗಳನ್ನೂ ಕತ್ತರಿಸಲು ಶುರು ಮಾಡಿದರು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಾಗಿಲು ತೆಗೆದು ಬೆಳಿಗ್ಗೆಯ ಮೊದಲನೆಯವಳ ನಂಬರ್ ಕೂಗಿದರು.

ಅವಳು ಬಂದಳು. ಪಾಸಾಗಿದ್ದೇನೆ ಅಂತ ತಿಳಿದು ಕ್ಯಾಂಟೀನಿನಲ್ಲಿ ಕೂತಿದ್ದವಳು, ಬಾಯಲ್ಲಿ ಇನ್ನೂ ಏನೋ ಇತ್ತು. ಯಾಕೆ ಮತ್ತೆ ಅಂತ ಕೇಳುವ ಧೈರ್ಯವಿಲ್ಲದೆ ಕೈ ತೊಳೆದು ಬಂದು, ರೂಢಿಯಂತೆ ಎರಡೂ ಅಂಗೈಗಳನ್ನು ನನ್ನ ಸೊಂಟದ ಅಂಚಿಗೆ ಇಟ್ಟಳು. ಬೆರಳ ತುದಿ ತಣ್ಣಗಿತ್ತು. ಹೆಬ್ಬೆರಳುಗಳು ನಡುವಿಗೆ ಹೊರಟವು, ನನ್ನ ಉಸಿರಿಗೆ ಕಾದವು.

"ಅಲ್ಲಿಂದ ಅಲ್ಲ ಕಣೇ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಕತ್ತಿನಿಂದ ಬಾ."